ಹಂಬನ್‌ತೋಟ ನಮಗ್ಯಾಕೆ?

ಪತ್ರ: “ಕಳೆದ ಸಂಚಿಕೆಯಲ್ಲಿ ಚೀನಾದ ಬಂದರು, ರೈಲು, ರಸ್ತೆ ಅಂತ ಎರಡು ಪುಟ ತುಂಬಿಸಿದ್ದೀರಿ. ಶ್ರೀಲಂಕಾ ಸಾಲ ಮಾಡಿತು, ಅನುಭವಿಸಿತು. ಕೊಡಗಿನವರಿಗೆ ಅದೆಲ್ಲ ಯಾಕೆ? ಕರಿಮೆಣಸಿನ ಬಗ್ಗೆ ಬರೆಯಿರಿ.” – ಶನಿವಾರಸಂತೆಯ ಓದುಗರು

ಸಂಪಾದಕರ ಉತ್ತರ: ಆಗಲಿ, ಕರಿಮೆಣಸಿನಿಂದಲೇ ಶುರು ಮಾಡೋಣ. ಏಣಿ ಹತ್ತಿ ಕೊಯ್ದು, ಕಣದಲ್ಲಿ ಒಣಗಿಸಿ ಗೋಣಿಕೊಪ್ಪಕ್ಕೆ ಒಯ್ಯುತ್ತೀರಿ. ವ್ಯಾಪಾರಿ ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗುತ್ತದೆ ಅಂತ ನೋಡಿ, ಅಂಗೈಯಲ್ಲಿ ಉಜ್ಜಿ ರೇಟು ಹೇಳುತ್ತಾರೆ. ಆ ರೇಟು ಕುಸಿದಾಗ ನಮ್ಮ ಬೆಳೆಗಾರರು ಏನೆಂದರು? ವಿಯೆಟ್ನಾಂ ಮೆಣಸು ಲಂಕೆಯ ಹೆಸರು ಹೊತ್ತು ಕಡಿಮೆ ಸುಂಕದಲ್ಲಿ ಬರುತ್ತಿದೆ ಎಂದು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಲಂಕೆಯ ವಿಷಯ ನಮ್ಮ ಕಣದವರೆಗೂ ಬಂತು, ಅಲ್ವಾ?

ಅದೇ ಡಿಸೆಂಬರ್‌ನಲ್ಲಿ ಲಂಕೆ ಚೀನಾದ ಸಾಲದಲ್ಲಿ ಕಟ್ಟಿದ್ದ ತನ್ನ ಹಂಬನ್‌ತೋಟ ಬಂದರನ್ನು ಚೀನಾ ಕಂಪನಿಗೆ 99 ವರ್ಷದ ಗುತ್ತಿಗೆಗೆ ಒಪ್ಪಿಸಿತು. ಸಿಕ್ಕಿದ್ದು 112 ಕೋಟಿ ಡಾಲರ್. ಅದರಿಂದ ಬಂದರಿನ ಸಾಲ ತೀರಲಿಲ್ಲ. ದುಡ್ಡು ಡಾಲರ್ ಕೊರತೆ ತುಂಬಲು ಹೋಯಿತು. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಅಲ್ಲಿಗೆ ಹೊರಟಾಗ ಭಾರತ ಆತಂಕಪಟ್ಟಿತು. ಸ್ವಲ್ಪ ಮುಂದೂಡಿ ಎಂದು ಲಂಕೆ ಕೇಳಿಕೊಂಡಿತು. ಕೆಲವೇ ದಿನ ತಡವಾಗಿ ಹಡಗು ಬಂದೇ ಬಂತು. ತನ್ನದೇ ಅಂಗಳಕ್ಕೆ ಯಾರು ಬರಬೇಕು ಅಂತ ಹೇಳುವ ಧೈರ್ಯ ಲಂಕೆಗೆ ಹೋಯಿತಲ್ಲ, ನನಗೆ ಸಾಲಕ್ಕಿಂತ ದೊಡ್ಡ ನಷ್ಟ ಅದು.

ಚೀನಾ ಒಂದರಿಂದಲೇ ಲಂಕೆ ಮುಳುಗಲಿಲ್ಲ, ನಿಜ. ವಿದೇಶಿ ಹೂಡಿಕೆದಾರರಿಗೆ ಬಾಂಡ್ (ಸಾಲಪತ್ರ) ಮಾರಿ ಎತ್ತಿದ ಸಾಲ ಇನ್ನೂ ಜಾಸ್ತಿ ಇತ್ತು. ಕಡಲಿಲ್ಲದ ಲಾವೋಸ್‌ಗೆ 2021ರಲ್ಲಿ ಚೀನಾದಿಂದ 400 ಕಿಲೋಮೀಟರ್ ಮೀರಿದ ರೈಲು ಮಾರ್ಗ ಸಿಕ್ಕಿದ್ದೂ ಸಣ್ಣ ಮಾತಲ್ಲ. ಆದರೆ ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನಿಮ್ಮ ಧಾಟಿ ನನಗೆ ಹಿಡಿಸಲಿಲ್ಲ. ಲಂಕೆಯಲ್ಲಿ ಸಹಿ ಹಾಕಿದವರು ಆಳುವವರು. 2022ರಲ್ಲಿ ಡಾಲರ್ ಬರಿದಾದಾಗ ಡೀಸೆಲ್‌ಗೆ, ಗ್ಯಾಸ್‌ಗೆ ಬಿಸಿಲಲ್ಲಿ ಸಾಲು ನಿಂತವರು ಜನ. ಕರಾರಿನಲ್ಲಿ ಏನಿದೆ ಎಂದು ಅವರನ್ನು ಕರೆದು ಯಾರು ಹೇಳಿದ್ದರು?

ನಮ್ಮಲ್ಲೂ ಇದೇ ಚಾಳಿ. ರಸ್ತೆ ಅಗಲವಾಗುತ್ತದೆ ಅಂದರೆ ಸಾಕು, ಹಾರ ಹಿಡಿದು ನಿಲ್ಲುತ್ತೇವೆ. ಮೈಸೂರು–ಕುಶಾಲನಗರ ಹೆದ್ದಾರಿ ಬೇಕು, ಒಪ್ಪಿದೆ. ಟೋಲ್ ಎಷ್ಟು ವರ್ಷ? ಪಕ್ಕದ ಗದ್ದೆ ಯಾರ ಕೈ ಸೇರುತ್ತದೆ? ಮಳೆನೀರು ಎಲ್ಲಿಗೆ ಹೋಗಬೇಕು? ಗ್ರಾಮಸಭೆಯಲ್ಲಿ ಹೀಗೆ ಕೇಳಿದವರಿಗೆ ಅಭಿವೃದ್ಧಿ ವಿರೋಧಿ ಅಂತ ಹೆಸರಿಟ್ಟು ಕೂರಿಸುತ್ತೇವೆ. ಓದಿದವರೇ ಹೀಗೆ ಮಾಡುವಾಗ ಸಂಕಟವಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಮೆಣಸಿನ ಧಾರಣೆಯ ಪುಟ ಎಂದಿನಂತೆ ಇರುತ್ತದೆ. ಅದರ ಎದುರು ಪುಟದಲ್ಲೇ ಪಾಕಿಸ್ತಾನದ ಗ್ವಾದರ್ ಬಂದರಿನ ಬಗ್ಗೆ ಬರೆಯುತ್ತೇನೆ. ಎರಡನ್ನೂ ಓದಿ, ಇಷ್ಟೇ ಖಾರವಾಗಿ ಇನ್ನೊಂದು ಪತ್ರ ಹಾಕಿ.