ಬಟ್ಟಲಿನ ಮೇಲೆ ಬಾವಲಿ ಯಾಕೆ?

ಮೈಸೂರಿನ ಓದುಗರೊಬ್ಬರ ಪತ್ರ: "ಮ್ಯೂಸಿಯಂ ಒಂದರಲ್ಲಿ ಚೀನಾದ ಹಳೆಯ ಪಿಂಗಾಣಿ ಬಟ್ಟಲು ನೋಡಿದೆ. ನೀಲಿ ಮೋಡಗಳ ನಡುವೆ ಐದು ಕೆಂಪು ಬಾವಲಿಗಳು. ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಅಂತಾರೆ ನಮ್ಮಲ್ಲಿ. ಉಣ್ಣುವ ಬಟ್ಟಲಿನ ಮೇಲೆ ಅದನ್ನು ಯಾಕೆ ಬರೆದರು? ತಳದಲ್ಲಿರುವ ಆರು ಅಕ್ಷರ ನಂಬಿ ಅದರ ಕಾಲ ಹೇಳಬಹುದಾ?"

ಸಂಪಾದಕರ ಉತ್ತರ:

ಚೆನ್ನಾಗಿ ಗಮನಿಸಿದ್ದೀರಿ. ಆ ಬಾವಲಿಯನ್ನು ಬಾಯಿಬಿಟ್ಟು ಓದಬೇಕು. ಚೀನಿ ಭಾಷೆಯಲ್ಲಿ ಬಾವಲಿಯ ಹೆಸರು 'ಬ್ಯೆನ್‌ಫು'. ಭಾಗ್ಯಕ್ಕೂ 'ಫು' ಅಂತಲೇ ಹೆಸರು. ಬರೆಯುವ ಅಕ್ಷರ ಬೇರೆ, ಕೇಳಿಸುವ ಸದ್ದು ಒಂದೇ. ನಮ್ಮ ಕವಿಗಳು ಪದದಲ್ಲಿ ಶ್ಲೇಷೆ ಮಾಡಿದರೆ ಅಲ್ಲಿನವರು ಚಿತ್ರದಲ್ಲೇ ಮಾಡಿದರು. ಐದು ಬಾವಲಿ ಅಂದರೆ ಐದು ಭಾಗ್ಯ: ದೀರ್ಘಾಯುಷ್ಯ, ಸಿರಿ, ಆರೋಗ್ಯ, ಒಳ್ಳೆಯತನದ ಮೇಲೆ ಒಲವು, ಕೊನೆಗೆ ನೆಮ್ಮದಿಯ ಸಾವು. ಸಾವನ್ನೂ ಭಾಗ್ಯದಲ್ಲಿ ಸೇರಿಸಿದ್ದಾರೆ ನೋಡಿ, ನನಗೆ ತುಂಬಾ ಇಷ್ಟವಾದ ಮಾತು ಅದು. ಕೆಂಪಿಗೆ 'ಹೊಂಗ್'. ಅಪಾರ ಅನ್ನುವುದಕ್ಕೂ ಅದೇ ಸದ್ದು. ಹಾಗಾಗಿ ಕೆಂಪು ಬಾವಲಿ ಅಂದರೆ ಅಪಾರ ಭಾಗ್ಯ. ಬಾವಲಿ ತಲೆಕೆಳಗಾಗಿದ್ದರೆ ಇನ್ನೂ ಒಳ್ಳೆಯದು. 'ತಲೆಕೆಳಗು', 'ಬಂದು ತಲುಪಿತು' ಎರಡಕ್ಕೂ 'ದಾವ್' ಅನ್ನುತ್ತಾರೆ. ಭಾಗ್ಯ ಬಂತು ಅಂತ ಅರ್ಥ! ಮೀನಿನ ಚಿತ್ರವೂ ಹೀಗೆಯೇ. ಅದರ ಹೆಸರು 'ಯು', ತಿಂದುಂಡು ಮಿಕ್ಕುವಷ್ಟು ಸಮೃದ್ಧಿಗೂ 'ಯು'.

ಆ ನೀಲಿ ಮತ್ತು ಕೆಂಪು ಒಂದೇ ಸಲ ಬಳಿದದ್ದಲ್ಲ. ಪಿಂಗಾಣಿಗೆ ಹೆಸರಾದ ಚೀನಾದ ಚಿಂಗ್‌ದೆಝೆನ್ ಊರಿನ ಕೆಲಸಗಾರರು ಒಣಗಿದ, ಇನ್ನೂ ಸುಡದ ಬಟ್ಟಲಿನ ಮೇಲೆ ಕೋಬಾಲ್ಟ್‌ನಿಂದ ನೀಲಿ ಚಿತ್ರ ಬರೆಯುತ್ತಿದ್ದರು. ಒಣ ಮಣ್ಣು ಕುಂಚದ ನೀರನ್ನು ಹೀರಿಬಿಡುತ್ತದೆ. ಎಳೆದ ಗೆರೆ ಎಳೆದದ್ದೇ, ಅಳಿಸಿ ತಿದ್ದುವುದು ಕಷ್ಟ. ಆಗ ಅದು ನೀಲಿಯಾಗಿಯೂ ಕಾಣುವುದಿಲ್ಲ, ಮಂಕು ಕಪ್ಪು ಅಷ್ಟೆ. ಮೇಲೆ ತಿಳಿ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ನೀಲಿ ಅರಳುತ್ತದೆ. ಬಾವಲಿಯ ಕೆಂಪು ಸಾಮಾನ್ಯವಾಗಿ ಕಬ್ಬಿಣದಿಂದ ಬಂದದ್ದು. ಅದನ್ನು ಸುಟ್ಟ ಗ್ಲೇಜ್ ಮೇಲೆ ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಾರೆ. ಇನ್ನೊಮ್ಮೆ ಹೋದಾಗ ಹತ್ತಿರದಿಂದ ನೋಡಿ. ಹೆಚ್ಚು ಬಳಸಿದ ಬಟ್ಟಲಾದರೆ ಕೆಂಪು ಅಲ್ಲಲ್ಲಿ ಸವೆದಿರುತ್ತದೆ. ನೀಲಿ ಗ್ಲೇಜ್‌ನ ಅಡಿಯಲ್ಲಿ ಹಾಗೇ ಇರುತ್ತದೆ.

ತಳದ ಆರು ಅಕ್ಷರ ಸಾಮಾನ್ಯವಾಗಿ ರಾಜವಂಶ ಮತ್ತು ಆಳಿದ ದೊರೆಯ ಕಾಲ ಹೇಳುತ್ತವೆ. ಸುಮ್ನೆ ನಂಬಬೇಡಿ. ಕಾಂಗ್‌ಶಿ ದೊರೆಯ ಕಾಲದ (1662–1722) ಎಷ್ಟೋ ಪಾತ್ರೆಗಳ ಮೇಲೆ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ದೊರೆಯ ಮುದ್ರೆ ಇದೆ. ಎಲ್ಲವೂ ಮೋಸವಲ್ಲ, ಹಳಬರ ಕೈಚಳಕದ ಮೇಲಿನ ಗೌರವಕ್ಕೂ ಹಾಗೆ ಬರೆಯುತ್ತಿದ್ದರು. ಮೊದಲು ಮಣ್ಣು, ಗ್ಲೇಜ್, ಕುಂಚದ ಗೆರೆ ನೋಡಿ. ಅಕ್ಷರ ಆಮೇಲೆ.