ರಕ್ತ ಕಡಿಮೆ ಇದ್ದರೆ ಮೂರು ತಿಂಗಳ ಶುಗರ್ ಲೆಕ್ಕ ತಪ್ಪುತ್ತದಾ?

ಪ್ರಶ್ನೆ: ನನಗೆ 44 ವರ್ಷ. ಟೈಪ್ 2 ಶುಗರ್ ಇದೆ, ಆರು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಮನೆಯ ಗ್ಲುಕೋಮೀಟರ್‌ನಲ್ಲಿ ಖಾಲಿ ಹೊಟ್ಟೆಗೆ 110–120, ಊಟವಾಗಿ ಎರಡು ಗಂಟೆಗೆ 150ರ ಆಸುಪಾಸು ಬರುತ್ತದೆ. ಆದರೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಟೆಸ್ಟ್‌ನಲ್ಲಿ 7.4 ಬಂದಿದೆ. ಹಿಮೋಗ್ಲೋಬಿನ್ 8.9. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಶುಗರ್ ಮಾತ್ರೆ ಹೆಚ್ಚಿಸಬೇಕಾ? ಬೆಲ್ಲ, ಖರ್ಜೂರ ತಿಂದರೆ ರಕ್ತ ಆಗುತ್ತೆ ಅಂತಾರೆ ನಮ್ಮತ್ತೆ, ತಿನ್ನಬಹುದಾ?

ಉತ್ತರ: ಮಾತ್ರೆ ಹೆಚ್ಚಿಸಲು ಅವಸರ ಬೇಡ. 7.4 ಅಂದರೆ ಸರಾಸರಿ ಶುಗರ್ 165ರ ಹತ್ತಿರ ಇರಬೇಕು, ನಿಮ್ಮ ಮೀಟರ್ ಹಾಗೆ ಹೇಳುತ್ತಿಲ್ಲ ಅಲ್ವಾ? ಈ ವ್ಯತ್ಯಾಸಕ್ಕೆ ನಿಮ್ಮ ರಕ್ತಹೀನತೆಯೇ ಕಾರಣ ಇರಬಹುದು.

ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯುಸ್ಸು. ಅಷ್ಟು ದಿನವೂ ರಕ್ತದ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ, ಎಚ್‌ಬಿಎ1ಸಿ ಅಳೆಯುವುದು ಅದನ್ನೇ. ರಕ್ತ ಹೋಗಿ ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಹೊಸ ಕಣ ಹುಟ್ಟುವುದು ನಿಧಾನ, ಹಾಗಾಗಿ ರಕ್ತದಲ್ಲಿ ಹಳೆಯ ಕಣಗಳ ಪಾಲು ಜಾಸ್ತಿಯಾಗಿ, ಶುಗರ್ ಏರದಿದ್ದರೂ ಟೆಸ್ಟ್ ಸ್ವಲ್ಪ ಹೆಚ್ಚು ತೋರಿಸುತ್ತದೆ. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಹೊಸ ಕಣಗಳು ಬಂದು ಅದೇ ಅಂಕಿ ತಾನಾಗಿ ಇಳಿಯುತ್ತದೆ. ಆಗ ಪಥ್ಯ ಕೆಲಸ ಮಾಡಿತು ಅಂತ ಖುಷಿಪಡುವವರೂ ಇದ್ದಾರೆ!

ಹಾಗಂತ 7.4 ಪೂರ್ತಿ ಸುಳ್ಳು ಅಂದುಕೊಳ್ಳಬೇಡಿ. ಒಂದೆರಡು ವಾರ ಬೇರೆಬೇರೆ ಹೊತ್ತಲ್ಲಿ, ರಾತ್ರಿ ಊಟದ ನಂತರವೂ ಶುಗರ್ ನೋಡಿ ಬರೆದಿಡಿ. ಆ ಚೀಟಿ ಡಾಕ್ಟರಿಗೆ ತೋರಿಸಿ, ಕಳೆದ ಎರಡು-ಮೂರು ವಾರದ ಶುಗರ್ ಹೇಳುವ ಫ್ರಕ್ಟೋಸಮೈನ್ ಟೆಸ್ಟ್ ಬೇಕಾ ಅಂತ ಕೇಳಿ. ಅದಕ್ಕೆ ಹಿಮೋಗ್ಲೋಬಿನ್‌ನ ಹಂಗಿಲ್ಲ.

ಶುಗರ್‌ನಿಂದಲೇ ರಕ್ತ ಕಡಿಮೆಯಾಯಿತಾ? ನಿಮ್ಮ ವಿಷಯದಲ್ಲಿ ಮೊದಲ ಅನುಮಾನ ಮುಟ್ಟಿನ ರಕ್ತಸ್ರಾವದ ಮೇಲೆ. ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು, ಗಡ್ಡೆ ಏನಾದರೂ ಇದೆಯಾ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಆದರೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಿಗೆ ಬಿ12 ಕಡಿಮೆಯಾಗಬಹುದು, ಶುಗರ್‌ನಿಂದ ಕಿಡ್ನಿ ಸೋತರೂ ರಕ್ತ ಇಳಿಯುತ್ತದೆ. ಅದಕ್ಕೇ ಫೆರಿಟಿನ್ (ಕಬ್ಬಿಣದ ದಾಸ್ತಾನು ಹೇಳುತ್ತದೆ), ಬಿ12, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುತ್ತದೆ) ಟೆಸ್ಟ್ ಒಟ್ಟಿಗೆ ಮಾಡಿಸಿ. ಮೆಟ್‌ಫಾರ್ಮಿನ್ ಮಾತ್ರ ನೀವೇ ನಿಲ್ಲಿಸಬೇಡಿ.

ಇನ್ನು ಅತ್ತೆಯವರ ಬೆಲ್ಲ. ಶುಗರ್ ಏರಿಸುವುದರಲ್ಲಿ ಅದು ಸಕ್ಕರೆಯ ತಮ್ಮನೇ, ಸಿಗುವ ಕಬ್ಬಿಣ ಅಷ್ಟಕ್ಕಷ್ಟೆ. ಖರ್ಜೂರವೂ ಹೊಟ್ಟೆ ತುಂಬ ತಿನ್ನುವ ಪದಾರ್ಥವಲ್ಲ. ಸೊಪ್ಪು, ಹುರುಳಿಕಾಳಿನ ಸಾರಿಗೆ ನಿಂಬೆಹುಳಿ ಹಿಂಡಿಕೊಳ್ಳಿ, ಮಾಂಸ ತಿನ್ನುವವರಾದರೆ ಇನ್ನೂ ಒಳ್ಳೆಯದು. ಆದರೂ 8.9 ಇರುವಾಗ ಊಟ ಒಂದೇ ಸಾಲದು, ಮಾತ್ರೆ ಬೇಕಾಗುತ್ತದೆ. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ, ಒಂದೆರಡು ಗಂಟೆ ಅಂತರ ಇರಲಿ. ಮಲ ಕಪ್ಪಾದರೆ ಸಾಮಾನ್ಯವಾಗಿ ಅದು ಮಾತ್ರೆಯಿಂದಲೇ, ಡಾಂಬರಿನಂತೆ ಅಂಟಂಟಾಗಿ ಹೋದರೆ ಮಾತ್ರ ತಡಮಾಡದೆ ತೋರಿಸಿ. ಹಿಮೋಗ್ಲೋಬಿನ್ ಸರಿಹೋಯಿತು ಅಂತ ಮಾತ್ರೆ ಬಿಟ್ಟುಬಿಡಬೇಡಿ, ದೇಹದ ದಾಸ್ತಾನು ತುಂಬಲು ಅದಾದ ಮೇಲೂ ಸುಮಾರು ಮೂರು ತಿಂಗಳು ಬೇಕು. ಆಮೇಲೆ ಇನ್ನೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ಅಷ್ಟರೊಳಗೆ ನಡೆದಾಗ ಏದುಸಿರು, ಎದೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.