ಟೀ ತೋಟದ ಮಣ್ಣಿಗೆ ಆದದ್ದು ನಮ್ಮ ಅಡಿಕೆ ತೋಟಕ್ಕೂ ಆಗುತ್ತದೆಯೇ?

ಹೆಬ್ರಿ ಕಡೆಯ ಅಪ್ಪನ ಅಡಿಕೆ ತೋಟವನ್ನು ಈಗಷ್ಟೇ ವಹಿಸಿಕೊಂಡಿದ್ದೇನೆ ಎಂದು ಬರೆದಿದ್ದೀರಿ. ರಾಸಾಯನಿಕ ಗೊಬ್ಬರದಿಂದ ಟೀ ತೋಟಗಳ ಮಣ್ಣು ಹುಳಿಯಾಗಿ ಸತ್ವ ಕಳೆದುಕೊಳ್ಳುತ್ತಿದೆ ಎಂದು ಓದಿದ ಮೇಲೆ ನಿಮಗೆ ಭಯ ಹತ್ತಿದೆ. ನಮ್ಮ ತೋಟದ ಗತಿಯೂ ಅದೇನಾ, ಈ ವರ್ಷದಿಂದಲೇ ಪೂರ್ತಿ ಸಾವಯವಕ್ಕೆ ಹೋಗಿಬಿಡಲಾ ಎನ್ನುವುದು ನಿಮ್ಮ ಪ್ರಶ್ನೆ.

ನಾನು ಕಾರ್ಕಳ ತಾಲೂಕಿನವನು, ನಮ್ಮದೂ ಅಡಿಕೆ ತೋಟವೇ. ಗೊಬ್ಬರವನ್ನು ಒಮ್ಮೆಲೇ ನಿಲ್ಲಿಸಬೇಡಿ. ಅದಕ್ಕಿಂತ ಮೊದಲು ತೋಟದಲ್ಲಿ ಬಿದ್ದ ಸೋಗೆ, ಹಾಳೆ, ಸಿಪ್ಪೆ ತೋಟದಿಂದ ಹೊರಗೆ ಹೋಗುವುದನ್ನು ನಿಲ್ಲಿಸಿ. ಟೀ ತೋಟದವರಿಂದ ನಾವು ಕಲಿಯಬೇಕಾದದ್ದು ಅದನ್ನೇ.

ಮಣ್ಣು ಹುಳಿಯಾಗುವ ದಾರಿ ಎರಡೂ ಕಡೆ ಒಂದೇ. ಯೂರಿಯಾ ಅಥವಾ ಅಮೋನಿಯಂ ಸಲ್ಫೇಟ್ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಆಗ ಹುಳಿ ಹುಟ್ಟುತ್ತದೆ. ಬೇರಿಗೆ ಸಿಗದ ನೈಟ್ರೇಟ್ ಮಳೆಗೆ ತೊಳೆದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಕೆಳಗೆ ಮುರ ಮಣ್ಣು, ಅಂದರೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಇಲ್ಲಿ ಗೊಬ್ಬರದ ಚೀಲ ಬರುವ ಮೊದಲೇ ಮಣ್ಣು ಹುಳಿಯಾಗಿತ್ತು. ಗೊಬ್ಬರ ಅದನ್ನು ಇನ್ನಷ್ಟು ಮುಂದೆ ತಳ್ಳಿತು, ಅಷ್ಟೇ.

ಆದರೆ ಟೀ ಗಿಡ ಹುಳಿ ಮಣ್ಣನ್ನೇ ಬಯಸುವ ಗಿಡ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರ ನಡುವೆ ಅದು ಖುಷಿಯಾಗಿ ಬೆಳೆಯುತ್ತದೆ. ಅಡಿಕೆಗೆ ಅಷ್ಟು ಹುಳಿ ಬೇಡ. ಹಾಗಾಗಿ ಟೀ ತೋಟಕ್ಕೆ ಬರೆದ ಸಲಹೆಯನ್ನು ಹಾಗೆಯೇ ತಂದು ಅಡಿಕೆ ಬುಡಕ್ಕೆ ಹಾಕಲು ಬರುವುದಿಲ್ಲ. ಅವರಿಗೆ ಚಿಂತೆ ಶುರುವಾಗುವ ಹಂತಕ್ಕಿಂತ ಎಷ್ಟೋ ಮೊದಲೇ ನಾವು ಎಚ್ಚರವಾಗಬೇಕು.

ಈಗ ಸೊಪ್ಪಿನ ವಿಷಯ. ಟೀ ಗಿಡವನ್ನು ಕೆಲವು ವರ್ಷಕ್ಕೊಮ್ಮೆ ಗಟ್ಟಿಯಾಗಿ ಸವರುತ್ತಾರೆ. ಆ ಸೊಪ್ಪು ಕಡ್ಡಿಯನ್ನು ಸಾಲಿನ ನಡುವೆಯೇ ಬಿಡಬೇಕು ಎನ್ನುವುದು ಅಲ್ಲಿನ ಹಳೆಯ ಪಾಠ. ಇಳಿಜಾರಿನ ಮಣ್ಣು ಕೊಚ್ಚಿಹೋಗುವುದಿಲ್ಲ, ಪೊಟ್ಯಾಷ್ ವಾಪಸ್ ಬರುತ್ತದೆ, ಸಾವಯವ ಅಂಶ ಉಳಿಯುತ್ತದೆ. ನಾವೇನು ಮಾಡುತ್ತಿದ್ದೇವೆ ನೋಡಿ. ಹಾಳೆ ತಟ್ಟೆ ಮಾಡುವವರಿಗೆ ಹೋಗುತ್ತದೆ. ಸೋಗೆ ಬಚ್ಚಲ ಒಲೆಗೆ. ಸಿಪ್ಪೆ ಬೇಗ ಕರಗುವುದಿಲ್ಲ ಎಂದು ಮೂಲೆಯಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತೇವೆ. ಹಿಂದೆ ಇಷ್ಟು ಹೊರಗೆ ಹೋದರೂ ಕುಮ್ಕಿಯಿಂದ (ತೋಟಕ್ಕೆ ತಾಗಿದ, ಸೊಪ್ಪು ಸೌದೆಗೆ ಬಳಸುವ ಸರ್ಕಾರಿ ಜಾಗದಿಂದ) ಸೊಪ್ಪು, ತರಗೆಲೆ ಬರುತ್ತಿತ್ತು. ಅದು ಹಟ್ಟಿಗೆ ಬಿದ್ದು, ದನದ ಕಾಲಡಿ ತುಳಿದು, ಗೊಬ್ಬರವಾಗಿ ಬುಡ ಸೇರುತ್ತಿತ್ತು. ಈಗ ಎಷ್ಟೋ ಕುಮ್ಕಿಯಲ್ಲಿ ರಬ್ಬರೋ ಗೇರೋ ಇದೆ, ಹಟ್ಟಿ ಖಾಲಿ. ತೋಟದಿಂದ ಹೋಗುವುದು ನಿಲ್ಲಲಿಲ್ಲ, ಒಳಗೆ ಬರುವುದು ನಿಂತಿತು. ನಮ್ಮ ಮಣ್ಣು ಸೊರಗಲು ನನ್ನ ಪ್ರಕಾರ ಯೂರಿಯಾಕ್ಕಿಂತ ದೊಡ್ಡ ಕಾರಣ ಇದೇ.

ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸನ್ನೇ ನೋಡಿ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಅಂದರೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದು ಎಲ್ಲರಿಗೂ ಬಾಯಿಪಾಠ. ಅದರ ಜೊತೆಯಲ್ಲೇ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಹಟ್ಟಿ ಗೊಬ್ಬರ ಅಥವಾ ಕಾಂಪೋಸ್ಟ್ ಎಂದೂ ಇದೆ. ಆ ಅರ್ಧವನ್ನು ಬಿಟ್ಟು ಈ ಅರ್ಧವನ್ನು ಮಾತ್ರ ಹಾಕಿದರೆ ಮಣ್ಣು ಉಳಿಯುತ್ತಾ?

ಸೋಗೆಯನ್ನು ಕೊಚ್ಚಿ ಸಾಲಿನ ನಡುವೆ ಹಾಸಿ. ಸಿಪ್ಪೆಗೆ ಸೆಗಣಿ ನೀರು ಅಥವಾ ಸ್ಲರಿ ಸುರಿದು ಒಂದು ಮಳೆಗಾಲ ಕೊಳೆಯಲು ಬಿಡಿ. ಎರೆಗೊಬ್ಬರ ಮಾಡುವುದಾದರೆ ಇನ್ನೂ ಒಳ್ಳೆಯದು, ಅಡಿಕೆ ತೋಟದ ಕಸದಿಂದ ಅದನ್ನು ಮಾಡುವ ಕ್ರಮವನ್ನು ವಿಟ್ಲದ ಸಂಶೋಧನಾ ಕೇಂದ್ರದವರೇ ಬೆಳೆಸಿದ್ದಾರೆ. ಎರಡು ಎಚ್ಚರಿಕೆ. ಹಾಳೆಯನ್ನು ಕವುಚಿ ಹಾಕಿ ಇಲ್ಲವೇ ಸಿಗಿದು ಹಾಕಿ, ಅದರಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಖಂಡಿತ. ಎಲೆಚುಕ್ಕಿ ರೋಗ ತಗಲಿದ ಸೋಗೆಯನ್ನು ಮಾತ್ರ ತೋಟದಲ್ಲಿ ಬಿಡಬೇಡಿ, ಅದನ್ನು ಸುಡಲೇಬೇಕು. ಹುಲ್ಲಿಗೆ ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡುವುದನ್ನೂ ಬಿಡಿ. ಮಷಿನ್‌ನಲ್ಲಿ ಸವರಿ ಅಲ್ಲೇ ಬಿಟ್ಟರೆ ಸಾಕು. ಜೂನ್‌ನ ಮಳೆ ಬೋಳು ನೆಲದ ಮೇಲೆ ಬಿದ್ದಾಗ ಕಣಿಯಲ್ಲಿ (ತೋಟದ ಬಸಿಗಾಲುವೆಯಲ್ಲಿ) ಕೆಂಪಾಗಿ ಹರಿದು ತೋಡಿಗೆ ಹೋಗುವುದು ನೀರಷ್ಟೇ ಅಲ್ಲ. ಅದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಒಮ್ಮೆಲೇ ಸಾವಯವ ಬೇಡ ಎನ್ನಲು ದೊಡ್ಡ ಉದಾಹರಣೆ ಟೀ ಬೆಳೆಯುವ ಶ್ರೀಲಂಕಾದಲ್ಲೇ ಇದೆ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಬದಲಿಗೆ ಹಾಕಲು ಸಾಕಷ್ಟು ಸಾವಯವ ಗೊಬ್ಬರ ಇರಲಿಲ್ಲ. ಭತ್ತ, ಟೀ ಎರಡರ ಇಳುವರಿಯೂ ಕುಸಿಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ನಿಮ್ಮ ಹಟ್ಟಿಯಲ್ಲಿ ದನ ಎಷ್ಟಿದೆ, ಸೊಪ್ಪು ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಮೊದಲು ಆಗಲಿ. ಸಾವಯವ ಗೊಬ್ಬರ ಜಾಸ್ತಿಯಾದಂತೆ ಚೀಲದ ಗೊಬ್ಬರವನ್ನು ನಿಧಾನಕ್ಕೆ ಇಳಿಸುತ್ತಾ ಹೋಗಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಸಿಂಪಡಿಸದೆ ನಮ್ಮಲ್ಲಿ ಅಡಿಕೆ ಉಳಿಯುವುದಿಲ್ಲ, ಸಿಂಪಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಶೇಕಡಾ 1ರ ದ್ರಾವಣ ಎಂದರೆ 200 ಲೀಟರಿನ ಒಂದು ಬ್ಯಾರಲ್‌ಗೆ 2 ಕೆಜಿ ಮೈಲುತುತ್ತು, ಅದರಲ್ಲಿ ತಾಮ್ರವೇ ಸುಮಾರು ಅರ್ಧ ಕೆಜಿ. ತಾಮ್ರ ಕೊಳೆಯುವುದಿಲ್ಲ, ಸುಲಭಕ್ಕೆ ತೊಳೆದೂ ಹೋಗುವುದಿಲ್ಲ. ವರ್ಷ ವರ್ಷ ಮೇಲ್ಮಣ್ಣಿನಲ್ಲೇ ಸೇರುತ್ತದೆ. ಜಾಸ್ತಿಯಾದರೆ ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ತೊಂದರೆ, ಮಣ್ಣು ಹುಳಿಯಾದಷ್ಟೂ ಆ ತೊಂದರೆ ಹೆಚ್ಚು. ಈ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಇಂದು ಐರೋಪ್ಯ ಒಕ್ಕೂಟದಲ್ಲಿ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕೆಜಿಗಿಂತ ಹೆಚ್ಚು ತಾಮ್ರ ಬಳಸುವಂತಿಲ್ಲ. ಮದ್ದು ಗೊನೆಗೇ ಬೀಳುವಂತೆ ಸಿಂಪಡಿಸಲು ಹೇಳಿ. ಬ್ಯಾರಲ್‌ನಲ್ಲಿ ಉಳಿದದ್ದನ್ನು ಒಂದೇ ಮರದ ಬುಡಕ್ಕೆ ಸುರಿಯಬೇಡಿ, ತೋಡಿಗಂತೂ ಬೇಡವೇ ಬೇಡ. ಸಾವಯವ ಅಂಶ ಚೆನ್ನಾಗಿದ್ದರೆ ತಾಮ್ರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಸೋಗೆ ಹೊರಗೆ ಹೋಗಬಾರದು ಎನ್ನಲು ಇದೂ ಒಂದು ಕಾರಣ.

ಮಣ್ಣಿನ ಹುಳಿ ಇಳಿಸಲು ಸುಣ್ಣ ಎಷ್ಟು ಹಾಕಬೇಕು ಎಂಬುದನ್ನು ಮಣ್ಣು ಪರೀಕ್ಷೆ ಆಗದೆ ಯಾರೂ ಹೇಳಬಾರದು. ಸುಮ್ನೆ ಅಂದಾಜಿಗೆ ಹಾಕಬೇಡಿ. ಗೊಬ್ಬರ ಹಾಕುವ ಮೊದಲು ತೋಟದ ಬೇರೆ ಬೇರೆ ಕಡೆ ಮೇಲಿನ ಕಸ ಸರಿಸಿ, ಒಂದು ಅಡಿ ಆಳದವರೆಗಿನ ಮಣ್ಣು ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅದರಿಂದ ಅರ್ಧ ಕೆಜಿ ತೆಗೆದುಕೊಳ್ಳಿ. ಗದ್ದೆ ಮುಚ್ಚಿ ಮಾಡಿದ ತೋಟ, ಗುಡ್ಡದ ಬದಿಯ ತೋಟ ಎರಡೂ ಇದ್ದರೆ ಬೇರೆ ಬೇರೆ ಸ್ಯಾಂಪಲ್ ಬೇಕು. ಎಲ್ಲಿ ಕೊಡುವುದೆಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸುಣ್ಣ ಅಥವಾ ಡೋಲೋಮೈಟ್ (ಮೆಗ್ನೀಷಿಯಂ ಇರುವ ಸುಣ್ಣದ ಕಲ್ಲಿನ ಪುಡಿ) ಬೇಕು ಎಂದು ಬಂದರೆ ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಹಾಕಿ. ಯೂರಿಯಾ, ಹಟ್ಟಿ ಗೊಬ್ಬರಗಳ ಜೊತೆಗೆ ಮಾತ್ರ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಇರಲಿ. ಚೀಲದ ಗೊಬ್ಬರದ ದೊಡ್ಡ ಕಂತು ಮಳೆ ಇಳಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಜುಲೈ ಮಳೆಗೆ ಹಾಕಿದರೆ ಅದು ಸಮುದ್ರಕ್ಕೆ.

ವರದಿ ಬಂದ ಮೇಲೆ ಪಿಎಚ್, ಸಾವಯವ ಇಂಗಾಲ, ಪೊಟ್ಯಾಷ್ ಎಷ್ಟಿದೆ ಎಂದು ಇಲ್ಲೇ ಕೆಳಗೆ ಬರೆಯಿರಿ. ಮರಗಳ ವಯಸ್ಸೂ ಇರಲಿ. ಮುಂದಿನ ವರ್ಷ ಚೀಲದ ಗೊಬ್ಬರ ಎಷ್ಟು ಇಳಿಸಬಹುದು ಎಂದು ಲೆಕ್ಕ ಹಾಕಿ ಹೇಳುತ್ತೇನೆ.